ಮಧ್ಯಾಹ್ನದ ನಿದ್ದೆಯನ್ನು ಹಾಲ್‌ಗೆ ವರ್ಗಾಯಿಸುವ ಬಗ್ಗೆ

ಇಂದ
ಶ್ರೀಮತಿ ಜ್ಯೋತ್ಸ್ನಾ,
ಗೃಹಿಣಿ,
ಫ್ಲಾಟ್ ನಂ. 7, ಎರಡನೇ ಮಹಡಿ,
ಅಲ್ ಮನ್ಸೂರಾ, ದೋಹಾ.

ಗೆ
ಶ್ರೀ ಮುದ್ದುಕೃಷ್ಣ,
ಆಡಳಿತ ಅಧಿಕಾರಿ (ಕಚೇರಿಯಲ್ಲಿ),
ಅರ್ಜಿದಾರಳ ಪತಿ ಹಾಗೂ ಸ್ಪಾನ್ಸರ್ (ಮನೆಯಲ್ಲಿ),
ವಿಳಾಸ ಅದೇ.

ದಿನಾಂಕ: 15 ಜುಲೈ 2004, ಗುರುವಾರ, ಬೆಳಿಗ್ಗೆ 11.30
(ಮಲಗುವ ಕೋಣೆಯ ಬಾಗಿಲಿಗೆ ಹೊರಗಿನಿಂದ ಅಂಟಿಸಲಾಗುವುದು.)

ವಿಷಯ: ಕಂಪ್ಯೂಟರಿನ ವೇಗ ಹೆಚ್ಚಿಸಲು ಹೋಗಿ ಆದ ಅನಾಹುತದ ವಿವರಣೆ, ಸದರಿ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಕೊಡದಿರುವ ಬಗ್ಗೆ, ಹಾಗೂ ತಾವು ಇಂದು ಮಧ್ಯಾಹ್ನ ಹಾಲ್‌ನಲ್ಲಿ ಮಲಗುವ ಬಗ್ಗೆ.

ಉಲ್ಲೇಖ: 1. ದಿನಾಂಕ 13ರಂದು ಊಟದ ಮೇಜಿನಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ.
2. ಅದೇ ದಿನ ಪಾತ್ರೆ ತೊಳೆಯುವಾಗ ಅರ್ಜಿದಾರಳು ಮನಸ್ಸಿನಲ್ಲಿ ನೀಡಿದ ಉತ್ತರ (ಪ್ರತಿ ಲಭ್ಯವಿಲ್ಲ).

ಮಾನ್ಯರೇ,

ಬಾಗಿಲಿನ ಹಿಡಿಕೆಗೆ ಕೈ ಹಾಕುವ ಮೊದಲು ಈ ಅರ್ಜಿಯನ್ನು ಪೂರ್ತಿ ಓದಬೇಕೆಂಬುದು ಮೊದಲನೆಯ ವಿನಂತಿ. ಮಂಗಳವಾರ ತಾವು “ಕಾರಣ ಇದ್ದರೆ ಬರೆದು ಕೊಡು, ನೋಡುವ” ಎಂದು ಹೇಳಿ ಕೈ ತೊಳೆಯಲು ಎದ್ದಿರಿ. ಕಚೇರಿಯಲ್ಲಿ ದಿನವಿಡೀ ಇನ್ನೂರು ಜನರ ನಿರಾಕ್ಷೇಪಣಾ ಪತ್ರ ಟೈಪ್ ಮಾಡಿಸುವವರಿಗೆ ಬಾಯಿಯಲ್ಲಿ ಹೇಳಿದ ಕಾರಣ ಕಾರಣವಾಗಿ ಕಾಣುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಮಾತುಕತೆ ತುಳುವಿನಲ್ಲಿ ನಡೆದಿದ್ದು, ಅರ್ಜಿಯ ಗೌರವಕ್ಕಾಗಿ ಕನ್ನಡಕ್ಕೆ ತರಲಾಗಿದೆ.

1. ಮಗಳು ಓದಲು ಮಂಗಳೂರಿಗೆ ಹೋದ ಮೇಲೆ ಸದರಿ ಕಂಪ್ಯೂಟರ್ ಮಲಗುವ ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿತ್ತು. ಕಳೆದ ಒಂದು ವರ್ಷದಿಂದ ನಾನು ಅದರಲ್ಲಿ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಿದ್ದೇನೆ. ತಮಗೆ ಇದು ಗೊತ್ತಿಲ್ಲ. ನಾನು ಮುಚ್ಚಿಟ್ಟದ್ದಲ್ಲ, ತಾವು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ ಎಂಬುದು ಪ್ರತ್ಯೇಕ ಪ್ರಶ್ನೆ.

2. ನನ್ನ ವೀಸಾದಲ್ಲಿ ‘ಗೃಹಿಣಿ, ಕೆಲಸ ಮಾಡುವಂತಿಲ್ಲ’ ಎಂದು ಮುದ್ರೆ ಒತ್ತಿರುವುದು ನಿಜ. ಹಾಗಾದರೆ ಹದಿನೆಂಟು ವರ್ಷಗಳಿಂದ ಅಡುಗೆಮನೆಯಲ್ಲಿ ನಡೆಯುತ್ತಿರುವುದು ಏನೆಂದು ನಾನು ಈವರೆಗೆ ಯಾರಲ್ಲೂ ಸ್ಪಷ್ಟೀಕರಣ ಕೋರಿಲ್ಲ; ಈಗಲೂ ಕೋರುವುದಿಲ್ಲ. ವಿಡಿಯೋ ಕೆಲಸಕ್ಕೆ ದುಡ್ಡು ಪಡೆದಿಲ್ಲ. ಎದುರು ಫ್ಲಾಟಿನ ಶರೀಫಾಳ ಮನೆಯಿಂದ ಆಗಾಗ ಅಕ್ಕಿರೊಟ್ಟಿಯಂಥ ಪತ್ತಿರಿ ಮತ್ತು ಕೋಳಿ ಸುಕ್ಕ ಬಂದಿದೆ. “ಇವತ್ತು ಸುಕ್ಕ ಭಾರೀ ಲಾಯ್ಕ ಆಗಿದೆ, ಏನು ಹಾಕಿದ್ದೀ?” ಎಂದು ಕೇಳಿ ತಾವು ಮೂರು ಸಲ ಬಡಿಸಿಕೊಂಡಿರುವ ಕಾರಣ, ತಾವೂ ಫಲಾನುಭವಿಗಳು.

3. ಗಂಡಸರ ಸ್ಟುಡಿಯೋಗಳು ಊರು ತುಂಬ ಇರುವಾಗ ನಾನೇ ಏಕೆ ಎಂದರೆ: ಶರೀಫಾಳ ನಾದಿನಿ ರೈಹಾನಾಳ ಮದರಂಗಿ ಕಾರ್ಯಕ್ರಮ ಮದೀನತ್ ಖಲೀಫಾದ ಒಂದು ವಿಲ್ಲಾದಲ್ಲಿ ನಡೆಯಿತು. ಅದು ಹೆಂಗಸರಿಗೆ ಮಾತ್ರ. ಬಾಗಿಲು ಹಾಕಿದ ಮೇಲೆ ತಲೆಯ ಮೇಲಿನ ಬಟ್ಟೆಗಳು ಸೋಫಾದ ಮೇಲೆ ರಾಶಿ ಬಿದ್ದವು. ಶರೀಫಾ ಕ್ಯಾಮೆರಾ ಹಿಡಿದಳು. ಆ ಟೇಪನ್ನು ಯಾವ ಗಂಡಸೂ ನೋಡುವಂತಿಲ್ಲ. ಕತ್ತರಿಸುವವನೂ ಗಂಡಸೇ, ಹಾಗಾಗಿ ಅಂಥ ಟೇಪುಗಳು ಈ ಊರಿನಲ್ಲಿ ಕಪಾಟಿನೊಳಗೇ ಮುದುಕಿಯಾಗುತ್ತವೆ. “ನೀವಾದರೆ ಹೆಂಗಸು ಜ್ಯೋತ್ಸ್ನಕ್ಕ, ಮತ್ತೆ ನಿಮಗೆ ಕಂಪ್ಯೂಟರೂ ಬರ್ತದೆ. ಎರಡೂ ಒಟ್ಟಿಗೆ ಇರುವವರು ನಮ್ಮ ಬಿಲ್ಡಿಂಗಿನಲ್ಲಿ ಬೇರೆ ಯಾರುಂಟು?” ಎಂದಳು ಶರೀಫಾ. ನನ್ನ ಅರ್ಹತೆಯನ್ನು ಯಾರಾದರೂ ಎರಡು ಅಂಶಗಳಲ್ಲಿ ಹೇಳಿದ್ದು ಅದೇ ಮೊದಲು.

4. ಶರೀಫಾಳ ಅತ್ತೆ ಆಮಿನಮ್ಮನಿಗೆ ಎಪ್ಪತ್ತು ವರ್ಷ. ಮೊಣಕಾಲು ನೋವೆಂದು ಲಿಫ್ಟ್ ಕೆಟ್ಟ ದಿನ ಹೊರಗೆ ಬರುವುದಿಲ್ಲ. ಆ ಟೇಪಿನಲ್ಲಿ ಅವರು ಏಳು ನಿಮಿಷ ಕುಣಿದಿದ್ದಾರೆ. ರೈಹಾನಾ ಅವರ ಕೊನೆಯ ಮಗಳು. ನಾಳೆ ಜುಮ್ಮಾ ನಮಾಜು ಮುಗಿದ ಕೂಡಲೇ ಗಂಡನೊಂದಿಗೆ ಸೌದಿಯ ದಮ್ಮಾಮಿಗೆ ಹೊರಡುತ್ತಾಳೆ. “ನನ್ನನ್ನು ತುಂಡು ಮಾಡಬೇಡ ಮಗಾ,” ಎಂದು ಆಮಿನಮ್ಮ ನನ್ನ ಕೈ ಹಿಡಿದು ಹೇಳಿದ್ದಾರೆ. “ಅವಳಿಗೆ ಅಲ್ಲಿ ನನ್ನ ನೆನಪಾದರೆ ನೋಡಲಿಕ್ಕೆ ಬೇಕು. ಅಳುವ ಉಮ್ಮ ಬೇಡ, ಕುಣಿಯುವ ಉಮ್ಮ ಇರಲಿ.” ಆದುದರಿಂದ ಇಂದು ರಾತ್ರಿಯೊಳಗೆ ಸಿ.ಡಿ. ಆಗಲೇಬೇಕು.

5. ಜೋಡಿಸುವ ಕೆಲಸ ಮುಗಿದಿದೆ. ಆದರೆ ಜೋಡಿಸಿದ್ದನ್ನು ಕಂಪ್ಯೂಟರ್ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಬೇಯಿಸಿ ಕೊಡಬೇಕು. ಅದಕ್ಕೆ ಬೇಕಾದ ಸಮಯ ಹನ್ನೊಂದು ಗಂಟೆ ನಲವತ್ತು ನಿಮಿಷ. ನಡುವೆ ನಿಂತರೆ ಮತ್ತೆ ಮೊದಲಿನಿಂದ. ತಾವು ಬೆಳಿಗ್ಗೆ ಏಳಕ್ಕೆ ಹೋಗಿ ಹನ್ನೆರಡೂ ಮುಕ್ಕಾಲಿಗೆ ಊಟಕ್ಕೆ ಬರುತ್ತೀರಿ; ಮಲಗಿ, ನಾಲ್ಕಕ್ಕೆ ಮತ್ತೆ ಹೋಗುತ್ತೀರಿ. ತಾವು ಮಲಗುವ ಕೋಣೆಯಲ್ಲಿ ಸೊಳ್ಳೆ ಕೂಡ ಸದ್ದು ಮಾಡುವಂತಿಲ್ಲ. ಆದ್ದರಿಂದ ನನ್ನ ಪಾಲಿಗೆ ಇರುವುದು ಒಂದೇ ಉಸಿರಿನಲ್ಲಿ ಐದೂವರೆ ಗಂಟೆ.

6. ಇಂಥ ಸ್ಥಿತಿಯಲ್ಲಿ ಇಂಟರ್‌ನೆಟ್ಟಿನಲ್ಲಿ ಓವರ್‌ಕ್ಲಾಕಿಂಗ್ ಎಂಬ ವಿಧಾನ ನನ್ನ ಗಮನಕ್ಕೆ ಬಂತು. ಕಂಪ್ಯೂಟರಿನೊಳಗೆ ಪ್ರೊಸೆಸರ್ ಎಂಬ, ಬಿಸ್ಕತ್ತಿನಷ್ಟು ಅಗಲದ ತುಂಡಿದೆ. ಕೆಲಸವೆಲ್ಲ ಅದೇ ಮಾಡುವುದು. ಕಾರ್ಖಾನೆಯವರು ಅದಕ್ಕೆ ಒಂದು ವೇಗ ಗೊತ್ತು ಮಾಡಿ ಕಳುಹಿಸುತ್ತಾರೆ. ಕಂಪ್ಯೂಟರ್ ಏಳುವಾಗ ಡಿಲೀಟ್ ಗುಂಡಿ ಒತ್ತಿದರೆ ಒಂದು ನೀಲಿ ಪರದೆ ಬರುತ್ತದೆ. ಅಲ್ಲಿ ಆ ವೇಗದ ಅಂಕಿಯನ್ನು ನಾವೇ ತಿದ್ದಬಹುದು. ಯಾರ ಸಹಿಯೂ ಬೇಡ. ಈ ದೇಶದಲ್ಲಿ ಯಾರ ಸಹಿಯೂ ಬೇಡದ ಕೆಲಸ ನಾನು ಕಂಡದ್ದು ಅದೊಂದೇ.

ಒಂದು ಜೀವದಿಂದ ಅದಕ್ಕೆ ನಿಗದಿಯಾದದ್ದಕ್ಕಿಂತ ಹೆಚ್ಚು ದುಡಿಸಿಕೊಳ್ಳುವ ಪದ್ಧತಿ ನನಗೆ ಹೊಸದಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಹೆಸರಿರುವುದು ಮಾತ್ರ ಗೊತ್ತಿರಲಿಲ್ಲ. ಹೀಗೆ ದುಡಿಸಿದರೆ ಅದು ಬಿಸಿಯಾಗುತ್ತದೆ ಮತ್ತು ಒಂದು ದಿನ ಹೇಳದೆ ಕೇಳದೆ ನಿಂತುಬಿಡುತ್ತದೆ ಎಂದೂ ಅಲ್ಲಿ ಬರೆದಿತ್ತು.

7. ಸಂದೇಹ ನಿವಾರಣೆಗೆ ನಾನು ಅಲ್ಲಿನ ಚರ್ಚಾ ವೇದಿಕೆಯಲ್ಲಿ ಪ್ರಶ್ನೆ ಹಾಕಿದೆ. ಫಿನ್‌ಲೆಂಡಿನ ಒಬ್ಬರು “ಸಹೋದರ, ಕಿಟಕಿ ತೆರೆದಿಡು, ಹೊರಗಿನ ಗಾಳಿ ಸಾಕು” ಎಂದು ಸಲಹೆ ಕೊಟ್ಟರು. ಆ ದಿನ ಇಲ್ಲಿ ಹೊರಗೆ ನಲವತ್ತಾರು ಡಿಗ್ರಿ ಇತ್ತು. ಸಹೋದರ ಎಂಬುದನ್ನು ನಾನು ತಿದ್ದಲಿಲ್ಲ. ಸಹೋದರರಿಗೆ ಅವರು ಬೇಗ ಉತ್ತರ ಕೊಡುತ್ತಿದ್ದರು.

8. ಮಂಗಳವಾರ ತಾವು ಹೋದ ಕೂಡಲೇ ಶರೀಫಾಳ ಸಮಕ್ಷಮದಲ್ಲಿ ಕೆಲಸ ಆರಂಭವಾಯಿತು. ಅಂಕಿ 133 ಇತ್ತು. 140 ಮಾಡಿದೆ. ಶರೀಫಾ “ಬಿಸ್ಮಿಲ್ಲಾ” ಎಂದಳು, ನಾನು ಎಂಟರ್ ಒತ್ತಿದೆ. ಏನೂ ಆಗಲಿಲ್ಲ. 150 ಮಾಡಿದೆ. ಏನೂ ಆಗಲಿಲ್ಲ, ಆದರೆ ಉಷ್ಣತೆ ತೋರಿಸುವ ಅಂಕಿ ಎಪ್ಪತ್ತೊಂದಕ್ಕೆ ಏರಿತು. “ಜ್ವರ ಬಂತು ಇದಕ್ಕೆ,” ಎಂದಳು ಶರೀಫಾ. ಪೆಟ್ಟಿಗೆ ಬಿಚ್ಚಿದೆವು. ಪ್ರೊಸೆಸರಿನ ಬಿಸಿಯನ್ನು ಹೀರುವ ಅಲ್ಯೂಮಿನಿಯಂ ಕಟ್ಟೆಯನ್ನು ಅದರ ಮೇಲೆ ಕೂರಿಸಿದ್ದರು. ಅದನ್ನು ಎಬ್ಬಿಸಿ ನೋಡಿದರೆ, ಎರಡರ ನಡುವೆ ಹಚ್ಚಿದ್ದ ಪೇಸ್ಟ್ ಒಣಗಿ ಹಪ್ಪಳವಾಗಿತ್ತು. ಉಗುರುಬಣ್ಣ ತೆಗೆಯುವ ದ್ರವದಿಂದ ಒರೆಸಿದೆ. ಹೊಸ ಪೇಸ್ಟ್ ಬೇಕೆಂದರೆ ಕಂಪ್ಯೂಟರ್ ಅಂಗಡಿಗೆ ಹೋಗಬೇಕು. ನನಗೆ ಡ್ರೈವಿಂಗ್ ಬರುವುದಿಲ್ಲ. ತಮ್ಮ ಕಾರು ನನ್ನ ಪಾಲಿಗೆ ಬರುವುದು ಶುಕ್ರವಾರ ಸಂಜೆ. ಅಷ್ಟು ಹೊತ್ತಿಗೆ ರೈಹಾನಾ ಸಲ್ವಾ ಗಡಿ ದಾಟಿರುತ್ತಾಳೆ.

ಈ ಕಾರಣದಿಂದ, ಮತ್ತು ನಮ್ಮ ಕಡೆ ಉಷ್ಣಕ್ಕೆ ಏನು ಹಚ್ಚುತ್ತಾರೆಂದು ನನಗೆ ಹುಟ್ಟಿದಂದಿನಿಂದ ಗೊತ್ತಿರುವ ಕಾರಣ, ಊರಿನಿಂದ ತಮ್ಮ ತಾಯಿಯವರು ಕಳುಹಿಸಿದ ಗಂಧದ ಪ್ರಸಾದವನ್ನು ಎರಡು ಹನಿ ನೀರಿನಲ್ಲಿ ಕಲಸಿ ಪ್ರೊಸೆಸರಿಗೆ ಹಚ್ಚಿದೆ. ನಗಬಾರದು. ನನ್ನ ಹಣೆಗೆ ಅದು ಕೆಲಸ ಮಾಡಿದೆ.

“ಎಷ್ಟು ಹಚ್ಚಬೇಕಂತೆ?” ಎಂದಳು ಶರೀಫಾ.

“ಅಕ್ಕಿಕಾಳಿನಷ್ಟು ಅಂತ ಬರೆದಿದ್ದಾರೆ.”

“ಯಾವ ಅಕ್ಕಿ? ಬೆಳ್ತಿಗೆಯಾ, ಕುಚ್ಚಲಾ?”

ಫಿನ್‌ಲೆಂಡಿನವರು ಅದನ್ನು ಸ್ಪಷ್ಟಪಡಿಸಿರಲಿಲ್ಲ. ನಾವು ಕುಚ್ಚಲಕ್ಕಿಯವರು. ಅದರಲ್ಲೂ ಬೆಂದು ದಪ್ಪಗಾದ ಕಾಳು ನಮ್ಮ ಕಣ್ಣಿಗೆ ಬಂತು. ಅಷ್ಟು ಹಚ್ಚಿದೆವು.

9. ಹತ್ತು ಗಂಟೆಗೆ ಅಂಕಿಯನ್ನು 166ಕ್ಕೆ ಏರಿಸಿ ಕೆಲಸಕ್ಕೆ ಹಚ್ಚಿದೆ. ಇಲ್ಲಿ ಒಂದು ವಿಷಯವನ್ನು ಪ್ರಾಮಾಣಿಕವಾಗಿ ತಮ್ಮ ಅವಗಾಹನೆಗೆ ತರಬೇಕಾಗಿದೆ. 166 ಆದರೂ ಹನ್ನೊಂದು ಗಂಟೆ ನಲವತ್ತು ನಿಮಿಷದ ಕೆಲಸ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆಯೇ ಹೊರತು ಐದೂವರೆಗೆ ಬರುವುದಿಲ್ಲ. ಈ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಆದರೂ ಮಾಡಿದೆ. ತಮ್ಮ ಬಳಿ ಬಂದು “ಇವತ್ತೊಂದು ದಿನ ಬೇರೆ ಕಡೆ ಮಲಗಿ” ಎಂದು ಕೇಳುವುದಕ್ಕಿಂತ ಯಂತ್ರದ ತಲೆ ಬಿಚ್ಚುವುದು ನನಗೆ ಸುಲಭವಾಗಿ ಕಂಡಿತು.

10. ಮುಂದಿನದಕ್ಕೆ ತಾವೇ ಸಾಕ್ಷಿ. ತಾವು ಬಾಗಿಲು ತೆರೆದವರೇ ಮೂಗೇರಿಸಿ, “ಎಂತ, ಇವತ್ತು ಪೂಜೆ ಗೀಜೆ ಉಂಟಾ?” ಎಂದು ಕೇಳಿದಿರಿ.

“ಇಲ್ಲ.”

“ಮತ್ತೆ ಇಷ್ಟು ಒಳ್ಳೆ ಪರಿಮಳ! ದಿನಾ ಹೀಗೆಯೇ ಇಟ್ಟುಕೊಳ್ಳುವುದಲ್ವಾ ಮಾರಾಯ್ತಿ.”

ತಮಗೆ ಬಂಗುಡೆ ಸಾರಿನ ಎರಡನೆಯ ಸೌಟು ಬಡಿಸುತ್ತಿರುವಾಗ ಒಳಗಿನಿಂದ ಆಂಬ್ಯುಲೆನ್ಸಿನಂಥ ಸದ್ದು ಬಂತು. ಹೋಗಿ ನೋಡಿದರೆ ಪರದೆ ಕಪ್ಪು. ಕೆಲಸ ನೂರಕ್ಕೆ ಮೂವತ್ತು ಆಗಿತ್ತು. ಗಂಧ ಒಣಗಿ ಉದುರಿತ್ತು. ಬಳಿಕ ಮೇಜಿನಲ್ಲಿ ನಡೆದದ್ದು (ಉಲ್ಲೇಖ 1):

“ಹಾಳು ಮಾಡಿದ್ದೀ. ಖಲಾಸ್. ಶುಕ್ರವಾರ ಅಂಗಡಿಗೆ ಕೊಟ್ಟು ಬರುವ. ಅವನು ಎಲ್ಲ ತೆರೆದು ನೋಡಿ ಸರಿ ಮಾಡ್ತಾನೆ.”

“ತೆರೆದು ನೋಡುವುದು ಬೇಡ.”

“ಯಾಕೆ ಬೇಡ? ಅಂಥದ್ದು ಒಳಗೆ ಎಂತ ಉಂಟು?”

“ನಲವತ್ತೆರಡು ಹೆಂಗಸರು.”

ತಾವು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಿರಿ. ಬಿಸಿಲು ತಲೆಗೆ ಏರಿದೆಯೋ, ಬೇರೇನಾದರೂ ಇದೆಯೋ ಎಂದು ತಾವು ಎರಡು ದಿನಗಳಿಂದ ಯೋಚಿಸುತ್ತಿರುವುದು ನನ್ನ ಗಮನದಲ್ಲಿದೆ. ಬೇರೇನೂ ಇಲ್ಲ. ನಾನು ಹೇಳಿದ್ದು ಅಕ್ಷರಶಃ ಸತ್ಯ. ನಲವತ್ತೆರಡು ಜನ, ತಲೆಯಲ್ಲಿ ಬಟ್ಟೆಯಿಲ್ಲದೆ, ನನ್ನನ್ನು ನಂಬಿ ಆ ಡಬ್ಬಿಯೊಳಗೆ ಕುಣಿಯುತ್ತಿದ್ದಾರೆ. ಅಂಗಡಿಯವನು ತೆರೆದು ನೋಡಿದರೆ ಈ ಬಿಲ್ಡಿಂಗಿನಲ್ಲಿ, ಆ ವಿಲ್ಲಾದಲ್ಲಿ, ನಾನು ಮತ್ತೆ ಯಾರ ಮುಖವನ್ನೂ ನೋಡಲಾರೆ.

11. ನಲವತ್ತೆರಡರಲ್ಲಿ ಒಬ್ಬಳು ಅರ್ಜಿದಾರಳು. ಮೊದಲ ಸಲ ಜೋಡಿಸುವಾಗ ನನ್ನ ಭಾಗವನ್ನು ನಾನೇ ತೆಗೆದುಹಾಕಿದ್ದೆ. ಹೊಟ್ಟೆ ಕಾಣುತ್ತಿತ್ತು, ವಯಸ್ಸು ಕಾಣುತ್ತಿತ್ತು. ಶರೀಫಾ ನೋಡಿ, “ನೀವೆಲ್ಲಿ ಜ್ಯೋತ್ಸ್ನಕ್ಕ? ಆಮಿನಮ್ಮನನ್ನು ಬಿಟ್ಟರೆ ಚಂದ ಕುಣಿದದ್ದು ನೀವೇ ಅಲ್ವಾ!” ಎಂದು ಜಗಳಕ್ಕೆ ಬಂದಳು. ಮತ್ತೆ ಸೇರಿಸಿದೆ. ಹತ್ತೊಂಬತ್ತು ಸೆಕೆಂಡು. ಅದನ್ನು ನಾನು ಕೆಲಸದ ನೆಪದಲ್ಲಿ ಎಷ್ಟು ಸಲ ನೋಡಿದ್ದೇನೆಂಬುದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

12. ನಿನ್ನೆ ಶರೀಫಾ ತನ್ನ ಗಂಡ ಮೊಯ್ದಿನ್ ಕುಂಞಿಯವರಿಗೆ ಫೋನ್ ಮಾಡಿದಳು. ಅವರದು ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಡಿಯ ವಯರಿಂಗ್ ಅಂಗಡಿ. ಬಿಸಿಯಾಗುವ ಭಾಗಗಳಿಗೆ ಹಚ್ಚುವ ಬಿಳಿ ಪೇಸ್ಟ್ ಅವರಲ್ಲಿತ್ತು. “ಯಾವ ಗಾಡಿಗೆ?” ಎಂದು ಅವರು ಕೇಳಿದರು. “ಜ್ಯೋತ್ಸ್ನಕ್ಕನ ಗಾಡಿಗೆ,” ಎಂದಳು. ಅವರು ಮುಂದೆ ಏನೂ ಕೇಳದೆ ಸಂಜೆ ಟ್ಯೂಬ್ ಕಳುಹಿಸಿಕೊಟ್ಟರು. ಈ ಸಲ ಸಣ್ಣ ಬೆಳ್ತಿಗೆ ಅಕ್ಕಿಕಾಳಿನಷ್ಟೇ ಹಚ್ಚಿದೆ. ಪೆಟ್ಟಿಗೆಯೊಳಗಿನ ಗುಂಡು ಬ್ಯಾಟರಿಯನ್ನು ತೆಗೆದು ಮತ್ತೆ ಹಾಕಿದ್ದರಿಂದ ಯಂತ್ರ ನನ್ನ 166ನ್ನು ಮರೆತು ತನ್ನ 133ಕ್ಕೆ ಮರಳಿತು. ಎದ್ದಿತು. ಒಳಗಿನವರೆಲ್ಲ ಕ್ಷೇಮ. ಆದ್ದರಿಂದ ರಿಪೇರಿ ಅಂಗಡಿಯ ಪ್ರಶ್ನೆ ಉದ್ಭವಿಸುವುದಿಲ್ಲ.

13. ಇಂದು ಬೆಳಿಗ್ಗೆ ಏಳಕ್ಕೆ, ಹುಟ್ಟು ವೇಗದಲ್ಲೇ, ಕೆಲಸಕ್ಕೆ ಹಚ್ಚಿದ್ದೇನೆ. ಪಕ್ಕ ತೆರೆದ ಪೆಟ್ಟಿಗೆಗೆ ಟೇಬಲ್ ಫ್ಯಾನ್ ಇಟ್ಟಿದ್ದೇನೆ. ಈ ಅರ್ಜಿ ಬರೆಯಲು ಕುಳಿತಾಗ ನೂರಕ್ಕೆ ಮೂವತ್ತೆಂಟು ಆಗಿತ್ತು. ಈಗ ಹನ್ನೆರಡೂವರೆ, ನಲವತ್ತೇಳು. ಆರೂ ನಲವತ್ತಕ್ಕೆ ನೂರು ಆಗುತ್ತದೆ. “ಮಾನಿಟರ್ ಆಫ್ ಮಾಡ್ತೇನೆ, ಅವರು ಗೋಡೆ ಕಡೆ ಮುಖ ಮಾಡಿ ಮಲಗಲಿ,” ಎಂದು ನಾನು ಶರೀಫಾಳಲ್ಲಿ ಹೇಳಿ ನೋಡಿದೆ. “ನಮ್ಮ ಹೆಂಗಸರು ಕುಣಿಯುವ ಕೋಣೆಯಲ್ಲಿ ಗಂಡಸು ಮಲಗುವುದಾ? ಪರದೆ ಮುಚ್ಚಿದರೂ ಅವರು ಒಳಗೆ ಕುಣೀತಾ ಇರ್ತಾರಲ್ಲ ಅಕ್ಕ!” ಎಂದಳು. ಇದಕ್ಕೆ ಉತ್ತರ ಫಿನ್‌ಲೆಂಡಿನಲ್ಲೂ ಇರಲಾರದು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ವಿನಂತಿಸುವುದೇನೆಂದರೆ: ವೇಗ ಹೆಚ್ಚಿಸಲು ಅನುಮತಿ ಬೇಡ. ನನಗೆ ಬೇಕಾದದ್ದು ಹೊತ್ತು. ಅದು ತಮ್ಮ ಮಧ್ಯಾಹ್ನದಲ್ಲಿದೆ. ಇಂದು ಒಂದು ದಿನದ ಮಟ್ಟಿಗೆ ತಾವು ಹಾಲ್‌ನಲ್ಲಿ ಮಲಗಬೇಕು. ಹಾಲ್‌ನ ಏಸಿ ಹನ್ನೊಂದಕ್ಕೇ ಹಾಕಿದ್ದೇನೆ. ಪರದೆ ಎಳೆದಿದ್ದೇನೆ. ತಮ್ಮದೇ ದಿಂಬು ಇಟ್ಟಿದ್ದೇನೆ. ಊಟ ಮೇಜಿನ ಮೇಲಿದೆ. ಬಡಿಸಲು ನಾನು ಹೊರಗೆ ಬರುವುದಿಲ್ಲ, ಯಂತ್ರದ ಬಳಿ ಕಾವಲಿದ್ದೇನೆ.

ಮೇನ್ ಸ್ವಿಚ್ ಹಾಲ್‌ನ ಗೋಡೆಯಲ್ಲಿದೆ, ತಮ್ಮ ಕೈಗೆ ಎಟುಕುತ್ತದೆ ಎಂಬುದು ಗೊತ್ತಿದ್ದೂ ಈ ಅರ್ಜಿ ಸಲ್ಲಿಸುತ್ತಿದ್ದೇನೆ.

ಬಾಗಿಲಿನ ಒಳಬದಿಯಿಂದ,
ತಮ್ಮ ವಿಶ್ವಾಸಿ,
(ಸಹಿ) ಜ್ಯೋತ್ಸ್ನಾ

ಅಡಕಗಳು:
1. ಬಿಳಿ ಪೇಸ್ಟಿನ ಖಾಲಿ ಟ್ಯೂಬ್ (ಮೇಜಿನ ಮೇಲೆ, ಉಪ್ಪಿನಕಾಯಿಯ ಪಕ್ಕ. ಉಪ್ಪಿನಕಾಯಿ ಎಂದು ತಿಳಿಯಬಾರದು).
2. ಇಂದಿನ ಊಟ.
3. ಅರ್ಜಿದಾರಳು ಒಬ್ಬಳೇ ಕಾಣುವಂತೆ ಕತ್ತರಿಸಿದ ಹತ್ತೊಂಬತ್ತು ಸೆಕೆಂಡಿನ ತುಣುಕು. ಸದ್ಯಕ್ಕೆ ಲಗತ್ತಿಸಿಲ್ಲ, ಆರೂ ನಲವತ್ತರ ಬಳಿಕ, ಕೇಳಿದರೆ ತೋರಿಸಲಾಗುವುದು.

ವಿಶೇಷ ಸೂಚನೆ: ಈ ಅರ್ಜಿಯನ್ನು ತಿರಸ್ಕರಿಸುವುದಾದರೆ ದಯವಿಟ್ಟು ಒಮ್ಮೆ ಬಾಗಿಲು ತಟ್ಟಿ ತಿಳಿಸಬೇಕು. ಪುರಸ್ಕರಿಸುವುದಾದರೆ ಏನನ್ನೂ ಬರೆಯಬೇಕಾಗಿಲ್ಲ. ಹಾಲ್‌ನಿಂದ ತಮ್ಮ ಗೊರಕೆ ಕೇಳಿಸಿದ ಕೂಡಲೇ ಅನುಮತಿ ದೊರೆತಿದೆಯೆಂದು ಭಾವಿಸಿ ಮುಂದುವರಿಯಲಾಗುವುದು. ಆದುದರಿಂದ ತಾವು ಬೇಗ ನಿದ್ದೆ ಹೋಗಬೇಕಾಗಿ ವಿನಂತಿ.