ಕ್ಲೀನಾದ ಪಾತ್ರೆ

“ಎಲ್ರೂ ನೀರನ್ನ ಕ್ಲೀನಾದ ಪಾತ್ರೇಲಿ ತರ್ಲಿ ಅತ್ತೆ” ಎಂದು ಸುದರ್ಶನ್ ಹಾಸನದಿಂದ ಫೋನು ಮಾಡಿ ಬಾಗೂರಿನ ಸೋದರತ್ತೆ ನಾಗಲಕ್ಷ್ಮಿಗೆ ಹೇಳಿದ್ದು ಅಷ್ಟೇ. ಕ್ಲೀನು ಎಂಬ ಆ ಒಂದು ಪದ ತನ್ನ ಪಿಎಚ್‌ಡಿಯನ್ನೇ ಮುಳುಗಿಸುತ್ತದೆಂದು ಪಾಪ ಅವನಿಗೇನು ಗೊತ್ತು.

ಮೂರು ವರ್ಷ ಒದ್ದಾಡಿ ಅವನು ಒಂದು ಪುಟ್ಟ ಸೀಸೆಯಲ್ಲಿ ಎಂಟೇ ಹನಿ ದ್ರವ ತಯಾರಿಸಿದ್ದ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು. ಮೈಯೊಳಗಿನ ಕಿಣ್ವಗಳ ಹಾಗೆ ಕೆಲಸ ಮಾಡುವ ಈ ಕಣಗಳು ನೀರಿನಲ್ಲಿ ತಾಮ್ರ ಸಿಕ್ಕಿದ್ದೇ ಚುರುಕಾಗಿ ನೀಲಿ ಬಣ್ಣ ಬರಿಸುತ್ತವೆ. ತಾಮ್ರವಿಲ್ಲದಿದ್ದರೆ ನೀರು ಇದ್ದ ಹಾಗೇ ಇರುತ್ತದೆ. “ಹಳ್ಳೀಲಿ ನನ್ನ ಕಣ್ಣೆದುರಿಗೆ ಮಾಡಿ ತೋರ್ಸು, ಅಲ್ಲೇ ಥೀಸಿಸ್‌ಗೆ ಸಹಿ ಹಾಕ್ತೀನಿ” ಎಂದಿದ್ದರು ಗೈಡು ಕೀರ್ತಿರಾಜ್ ಸಾರ್. ಹನ್ನೊಂದಕ್ಕೆ ಬರುವವರಿದ್ದರು.

ಆ ದಿನ ಬೆಳಗ್ಗೆ ಬಸ್ಸಿನಲ್ಲಿ ಬಾಗೂರಿಗೆ ಬಂದಿಳಿದ ಸುದರ್ಶನ್ ಒಂಬತ್ತಕ್ಕೇ ಅತ್ತೆಯ ಮನೆಯಲ್ಲಿ ಒಂದು ರಿಹರ್ಸಲ್ ಮಾಡಿದ. ಬೀದಿಯ ಏಳು ಮನೆಯ ನೀರನ್ನು ಅತ್ತೆ ಮೊದಲೇ ಏಳು ಗ್ಲಾಸಿಗೆ ಹಾಕಿಟ್ಟಿದ್ದಳು, ಒಂದೊಂದೇ ಹನಿ ಬಿಟ್ಟ. ಏಳೂ ಉಜಾಲ ಕದಡಿದಂತೆ ನೀಲಿಯಾದವು. ನಲ್ಲಿ ನೀರಲ್ಲಿ ಅಷ್ಟು ತಾಮ್ರ ಇರಲು ಸಾಧ್ಯವೇ ಇಲ್ಲ, ಬಸ್ಸಿನ ಕುಲುಕಾಟಕ್ಕೆ ತನ್ನ ಕಣಗಳೇ ಕೆಟ್ಟಿವೆ ಎಂದುಕೊಂಡ.

ಬೀದಿಯವರು ಬೇರೆಯೇ ಅರ್ಥ ಮಾಡಿಕೊಂಡರು. “ಎರಡು ತಿಂಗ್ಳಿಂದ ನನ್ ಮಂಡಿ ಸುಮ್ ಸುಮ್ನೆ ನೋಯ್ತದಾ? ಈ ನೀರೇ ಕಣ್ಲಾ” ಎಂದ ಪಕ್ಕದ ಮನೆ ಚೆನ್ನಯ್ಯ. ಎಲ್ಲರೂ ಊರಿಗೆ ನೀರು ಬಿಡುವ ನೀರುಗಂಟಿ ದೇವರಾಜುವಿನ ಮೇಲೆ ಮುಗಿಬಿದ್ದರು. ಅವನು ಮರ್ಯಾದಸ್ಥ. “ನನ್ ಟ್ಯಾಂಕಿನ ನೀರು ಇಸವಾ? ಅಂಗಾರೆ ಕುಡೀಲೇಬ್ಯಾಡಿ” ಎಂದು ಹೋಗಿ ಬೀದಿಯ ವಾಲು ತಿರುಗಿಸಿ ನೀರು ನಿಲ್ಲಿಸಿಬಿಟ್ಟ.

ಅಷ್ಟರಲ್ಲಿ ಸಾರ್ ಚನ್ನರಾಯಪಟ್ಟಣ ದಾಟಿದರೆಂದು ಫೋನು ಬಂತು. “ಅತ್ತೆ, ಅವ್ರು ನೋಡೋದ್ರೊಳಗೆ ಈ ಗ್ಲಾಸೆಲ್ಲಾ ತೊಳ್ದುಬಿಡು” ಎಂದು ಗೋಗರೆದು ಸುದರ್ಶನ್ ತಲೆ ಮೇಲೆ ಕೈಹೊತ್ತು ಜಗಲಿಯ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಹಿತ್ತಲಿಂದ ಗಸಗಸ ಸದ್ದು ಬಂತು. ಹೋಗಿ ನೋಡಿದರೆ, ಗ್ಲಾಸು ಮುಗಿಸಿದ ಅತ್ತೆ ತಾಮ್ರದ ಚೊಂಬು ಹಿಡಿದಿದ್ದಳು.

“ಇದೇನತ್ತೆ?”

“ಕ್ಲೀನಾದ ಪಾತ್ರೆ ಅಂತ ನೀನೇ ಏಳಿದ್ದಲ್ಲಪ್ಪ. ಬೀದೀಗೆಲ್ಲ ಏಳ್ದೆ. ಎಲ್ರೂ ತಾಮ್ರದ ಚೊಂಬ್ಗೆ ಉಣ್ಸೆಣ್ಣಾಕಿ ತಿಕ್ಕಿ, ಅದ್ರಲ್ಲೇ ನೀರು ತಂದ್ರು. ನಿಮ್ ಸಾರ್‌ಗೆ ಅಂತ ಇನ್ನೊಂದ್ ದಪ ತಿಕ್ತಾ ಇವ್ನಿ.”

ಸುದರ್ಶನ್ ಕುಣಿದುಬಿಟ್ಟ. ಹುಣಸೆಯ ಹುಳಿಗೆ ಚೊಂಬಿನ ತಾಮ್ರ ನೀರಿಗಿಳಿದಿತ್ತು. ಅವನ ಕಣಗಳು ಏಳಕ್ಕೆ ಏಳೂ ಸತ್ಯವನ್ನೇ ಹೇಳಿದ್ದವು. ಸೀಸೆಯಲ್ಲಿ ಇನ್ನೊಂದೇ ಹನಿ ಉಳಿದಿತ್ತು. ಈ ಚೊಂಬಿಗೆ ಕೊಡದ ನೀರು ತುಂಬಿಸಿಟ್ಟು, ಸಾರ್ ಎದುರಿಗೆ ಆ ನೀರಿಗೆ ಅದನ್ನು ಬಿಟ್ಟರೆ ಡಾಕ್ಟರ್ ಸುದರ್ಶನ್ ಆದ ಹಾಗೇ.

ಸಾರ್ ಕಾರಿಳಿದರು. ಅವರ ಹಿಂದೆಯೇ ಪ್ಲಾಸ್ಟಿಕ್ ಬಾಟಲಿಯಲ್ಲಿ ಟ್ಯಾಂಕಿನ ನೀರು ಹಿಡಿದು ದೇವರಾಜು, ಅವನ ಹಿಂದೆ ಇಡೀ ಬೀದಿ.

“ಮೊದ್ಲು ನನ್ ನೀರು ನೋಡು. ಆಮ್ಯಾಕೇ ವಾಲು ಬಿಡೋದು” ಎಂದ ದೇವರಾಜು.

“ಒಲೆ ಮ್ಯಾಲೆ ಎಸರಿಟ್ಟಿಲ್ಲ ಕಣಪ್ಪ, ನೋಡ್ಬುಡು” ಎಂದ ಚೆನ್ನಯ್ಯ.

ಒಂದೇ ಹನಿ ಅಂತ ಸುದರ್ಶನ್ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಗತಿಯಿಲ್ಲದೆ ಬಿಟ್ಟ. ನೀರು ನೀರಾಗಿಯೇ ಇತ್ತು. ದೇವರಾಜು ಮೀಸೆ ತಿರುವಿಕೊಂಡು ವಾಲು ಬಿಡಲು ಹೋದ. ಬೀದಿಯವರು ಚಪ್ಪಾಳೆ ತಟ್ಟಿದರು.

“ಏನೂ ಆಗ್ಲಿಲ್ವಲ್ಲಯ್ಯ” ಎಂದರು ಸಾರ್.

“ತಾಮ್ರ ಇಲ್ಲ ಸಾರ್, ಆಗ್ಬಾರ್ದು.”

“ಬರೀ ನೀರು ಬಿಟ್ಟಿದ್ರೂ ಹೀಗೇ ಇರ್ತಿತ್ತು. ನೀಲಿ ಎಲ್ಲಿ?”

“ಬೆಳಗ್ಗೆ ಏಳು ಗ್ಲಾಸು ನೀಲಿ ಬಂದಿತ್ತು ಸಾರ್.”

“ಫೋಟೋ?”

ಕೆಟ್ಟುಹೋಯಿತು ಅಂದುಕೊಂಡದ್ದರ ಫೋಟೋ ಯಾರು ತೆಗೆಯುತ್ತಾರೆ. ಅತ್ತೆ ಬೇರೆ ಫಳಫಳ ಹೊಳೆಯುವ ಏಳು ಗ್ಲಾಸು ತಂದಿಟ್ಟಳು. “ನೋಡಿ ಸಾ, ಒಂದ್ ಚೂರೂ ಕರೆ ಇಲ್ಲ. ಬಿಸ್ಲಲ್ಲಿ ಬಂದಿದ್ದೀರಿ, ಮೊದ್ಲು ನೀರು ಕುಡೀರಿ” ಎಂದು ಆ ತಾಮ್ರದ ಚೊಂಬು ನೀಡಿದಳು.

ಸಾರ್ ಕತ್ತೆತ್ತಿ ಗಟಗಟನೆ ಕುಡಿದರು. “ನೀರೇನೋ ಚೆನ್ನಾಗಿದೆ. ನೀನು ಇನ್ನೊಂದು ವರ್ಷ ಕೆಲ್ಸ ಮಾಡು” ಎಂದು ಬಾಯೊರೆಸಿಕೊಂಡರು.

ಖಾಲಿ ಸೀಸೆ ಹಿಡಿದ ಸುದರ್ಶನ್, ತನ್ನ ಥೀಸಿಸ್ಸಿಗೆ ಬೇಕಾಗಿದ್ದ ತಾಮ್ರವೆಲ್ಲ ಗೈಡಿನ ಗಂಟಲಲ್ಲಿ ಇಳಿದುಹೋದದ್ದನ್ನು ನೋಡುತ್ತಾ ನಿಂತಿದ್ದ.