ನೂಡಲ್ಸ್ ಹುಡುಕಿಕೊಂಡು ಹೊರಟ ಕನ್ನಡ ಮೇಡಂ

ಎಲ್ಲರೂ ಹೋಟೆಲಿಗೆ ಹೋಗುತ್ತಾರೆ, ತಿನ್ನುತ್ತಾರೆ, ಕೈ ತೊಳೆದುಕೊಂಡು ಬರುತ್ತಾರೆ. ನಾನು ಹೋದ ದಿನ ಮಾತ್ರ ಏನಾದರೊಂದು ಆಗಿಯೇ ಆಗುತ್ತದೆ. ಅದರಲ್ಲೂ ಚೈನೀಸ್ ಅಂತ ಬೋರ್ಡ್ ಹಾಕಿದ ಹೋಟೆಲಾದರೆ ಕೇಳುವುದೇ ಬೇಡ.

ಇದಕ್ಕೆಲ್ಲ ಮೂಲ ಕೊಲ್ಕತ್ತಾ. ನಾನು ಹರಿಹರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು, ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಅಧ್ಯಾಪಕರ ತರಬೇತಿಗೆ ಅಂತ ಕೊಲ್ಕತ್ತಾಗೆ ಹೋದಾಗ, ತಲೆಮಾರುಗಳಿಂದ ಅಲ್ಲೇ ನೆಲೆಸಿದ ಚೀನೀ ಕುಟುಂಬದ ಸಣ್ಣ ಹೋಟೆಲಿನಲ್ಲಿ ತರಕಾರಿ ನೂಡಲ್ಸ್ ತಿಂದೆ. ಕ್ಯಾರೆಟ್ ಕ್ಯಾರೆಟ್ಟಿನ ಹಾಗೇ ಇತ್ತು, ಶುಂಠಿ ಶುಂಠಿಯ ಹಾಗೇ ಇತ್ತು. ಮೂರು ದಿನ ಬಿಡದೆ ಹೋದೆ. ಊರಿಗೆ ಬಂದು ಗಂಡನ ಹತ್ತಿರ, "ಇಷ್ಟು ದೊಡ್ಡ ಊರಲ್ಲಿ ಅಂಥದ್ದೊಂದು ಪ್ಲೇಟ್ ಸಿಗಲ್ವಾ?" ಅಂದೆ. ಅವರು ಬೋರ್‌ವೆಲ್ ಪಂಪ್ ಮಾರುವವರು, ಆಸೆಗಳು ಕಡಿಮೆ. "ಬೆಣ್ಣೆ ದೋಸೆ ಇರೋ ಊರಾಗೆ ಅದ್ಯಾಕ ಬೇಕು?" ಅಂದರು.

ಆ ಮಾತಿಗೇ ನನಗೆ ಹಟ ಬಂತು.

ಬಾಂಡ್ಲಿಯ ತಪ್ಪು

ಮೊದಲು ನಮ್ಮ ನಿಟ್ಟುವಳ್ಳಿಯಲ್ಲೇ ನೋಡೋಣ ಅಂತ ಹೊರಟೆ. ಬೀದಿ ಕೊನೆಗೊಂದು ಅಂಗಡಿ, ಗೋಡೆ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್. ಗೋಬಿ ಮಂಚೂರಿಗೆ ಬಣ್ಣ ಹಾಕಬಾರದು ಅಂತ ಸರ್ಕಾರ ಆಗಲೇ ಆದೇಶ ಮಾಡಿತ್ತು. ನೂಡಲ್ಸಿಗೆ ಮೊದಲು ಒಂದು ಪ್ಲೇಟ್ ಗೋಬಿ ಹೇಳಿ, ಆದರೂ ಕೇಳಿದೆ.

"ಕಲರ್ ಹಾಕ್ತೀರೇನ್ರೀ?"

"ಛೇ ಛೇ! ಬಂದ್ ಮಾಡೇವ್ರಿ ಮೇಡಂ. ಒಂದು ಚಿಟಿಕೆನೂ ಇಲ್ಲ."

ಐದು ನಿಮಿಷಕ್ಕೆ ಪ್ಲೇಟ್ ಬಂತು. ಹೋಳಿ ಆಡಿ ಬಂದವರ ಹಾಗೆ ಕೆಂಪು. ತಿಂದ ಬೆರಳೂ ಕೆಂಪು, ಒರೆಸಿದ ಕರವಸ್ತ್ರವೂ ಕೆಂಪು. ನನಗೆ ಮೈ ಉರಿಯಿತು. "ಏನ್ರೀ ಇದು? ಸುಳ್ಳು ಹೇಳೋಕೂ ಒಂದು ಮಿತಿ ಬೇಡವಾ?" ಅಂತ ಕರವಸ್ತ್ರ ಎತ್ತಿ ಹಿಡಿದೆ.

ಅಂಗಡಿಯವನಿಗೆ ನನಗಿಂತ ಹೆಚ್ಚು ಬೇಜಾರಾಯಿತು.

"ದೇವರಾಣೆ ನಾವು ಹಾಕಿಲ್ರಿ. ಆರು ವರ್ಷ ಹಾಕಿದ್ವಲ್ಲ, ಈಗ ಬಾಂಡ್ಲಿನೇ ಕಲರ್ ಬಿಡ್ತೈತ್ರಿ."

ದಪ್ಪ ಮೆಣಸಿನಕಾಯಿಯ ಮಹಿಮೆ

ಬೀದಿ ಅಂಗಡಿ ಬೇಡ, ಫ್ಯಾಮಿಲಿ ರೆಸ್ಟೋರೆಂಟಿಗೇ ಹೋಗೋಣ ಅಂತ ಆವರಗೆರೆ ಕಡೆ ಹೊಸದಾಗಿ ಆದ ಒಂದಕ್ಕೆ ಗಂಡನನ್ನು ಎಳೆದುಕೊಂಡು ಹೋದೆ. ಮೆನು ಲಗ್ನಪತ್ರಿಕೆಗಿಂತ ದಪ್ಪ. ಹದಿನಾರು ಪುಟ. ನಾನು ಆಸೆಯಿಂದ ಹಕ್ಕಾ ನೂಡಲ್ಸ್ ಅಂದೆ.

"ಹಕ್ಕಾ ಇಲ್ರಿ," ಅಂದ ಸಪ್ಲೈಯರ್.

"ಸರಿ, ಬೇರೆ ಏನಿದೆ?"

"ಸಿಂಗಾಪುರ್ ಐತ್ರಿ."

"ಎರಡಕ್ಕೂ ಏನು ವ್ಯತ್ಯಾಸ?"

"ಏನಿಲ್ರಿ. ಸಿಂಗಾಪುರಕ್ಕೆ ದಪ್ಪ ಮೆಣಸಿನಕಾಯಿ ಹಾಕ್ತೇವಿ, ಅಷ್ಟೇ."

ಸಮಸ್ಯೆ ಬಗೆಹರಿಯಿತು ಅಂದುಕೊಂಡೆ. "ಹಾಗಾದ್ರೆ ದಪ್ಪ ಮೆಣಸಿನಕಾಯಿ ಹಾಕದೆ ಸಿಂಗಾಪುರ್ ಕೊಡಪ್ಪ."

ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ದಡ್ಡ ವಿದ್ಯಾರ್ಥಿಯನ್ನು ನಾನು ನೋಡುವ ಹಾಗೆ ನನ್ನನ್ನು ನೋಡಿದ.

"ಅದು ಹಕ್ಕಾ ಆಗುತ್ತಲ್ರೀ ಮೇಡಂ. ಹಕ್ಕಾ ಇಲ್ಲ ಅಂತ ಆಗ್ಲೇ ಹೇಳಿದ್ನಲ್ಲ."

ನಾನು ವಾದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಗಂಡ ಎರಡು ಪ್ಲೇಟ್ ಜೀರಾ ರೈಸ್ ಹೇಳಿಬಿಟ್ಟಿದ್ದರು.

ಒಂದೇ ಕಡ್ಡಿ

ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕಡೆ ನೂಡಲ್ಸ್ ನೋಡಲು ಚೆನ್ನಾಗಿಯೇ ಇತ್ತು. ಕೊಲ್ಕತ್ತಾದಲ್ಲಿ ಕಲಿತದ್ದು ಮರೆತುಹೋಗಬಾರದು ಅಂತ, "ಚಾಪ್‌ಸ್ಟಿಕ್ ಇದೆಯಾ?" ಅಂದೆ. "ಐತ್ರಿ" ಅಂತ ಸಪ್ಲೈಯರ್ ಖುಷಿಯಿಂದ ಒಳಗೆ ಓಡಿದ. ಬಂದವನು ನನ್ನ ಮುಂದೆ ಒಂದೇ ಒಂದು ಕಡ್ಡಿ ಇಟ್ಟ.

"ಇನ್ನೊಂದು?"

ಅವನು ಮೂಲೆಯ ಟೇಬಲ್ ತೋರಿಸಿದ. ಅಲ್ಲೊಬ್ಬರು ದಪ್ಪನೆಯ ಯಜಮಾನರು ಅದೇ ಜೊತೆಯ ಇನ್ನೊಂದು ಕಡ್ಡಿಯಿಂದ ಲಸ್ಸಿ ಕಲಕುತ್ತಿದ್ದರು.

"ಅವರದ್ದಾಗಲಿ ತಡೀರಿ," ಅಂದ. "ತೊಳೆದೇ ಕೊಡ್ತೀನಿ."

ಸೂಪಿಗೆ ಸಾಸಿವೆ

ದಾವಣಗೆರೆ ಕೈಕೊಟ್ಟ ಮೇಲೆ ಹರಿಹರ ನೋಡೋಣ ಅನಿಸಿತು. ಕಾಲೇಜು ಮುಗಿಸಿ, ರೈಲ್ವೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ನಾನೂ ನಮ್ಮ ಸಸ್ಯಶಾಸ್ತ್ರದ ಮೇಡಮ್ಮೂ ಕೂತು ಮಂಚೌ ಸೂಪ್ ಹೇಳಿದೆವು. ಎರಡು ಬಟ್ಟಲು ಬಂತು. ಮೇಲೆ ಸಾಸಿವೆ ತೇಲುತ್ತಿತ್ತು, ಕರಿಬೇವು ತೇಲುತ್ತಿತ್ತು, ಇಂಗಿನ ವಾಸನೆ ಇಡೀ ಟೇಬಲ್ಲಿಗೆ.

"ಇದು ಸಾರು!" ಅಂತ ಕೂಗಿದೆ. "ಅಡಿಗೆಯವರನ್ನ ಕರೀರಿ."

ಹೆಗಲ ಮೇಲೆ ಟವೆಲ್ ಹಾಕಿಕೊಂಡ ಹಿರಿಯರೊಬ್ಬರು ಬಂದರು. ಮೂವತ್ತು ವರ್ಷ ಮದುವೆ ಮನೆಗಳಲ್ಲಿ ಅಡಿಗೆ ಮಾಡಿದವರಂತೆ. ನನ್ನ ಆರೋಪ ಪೂರ್ತಿ ಕೇಳಿ ಅವರೇ ಸಿಟ್ಟಾದರು.

"ಒಗ್ಗರಣೆ ಕೊಡದೆ ಮಂದಿಗೆ ಹೆಂಗವ್ವಾ ಬಡಿಸ್ಲಿ? ನನಗೆ ಕೈ ಬರಲ್ಲ."

"ಚೀನಾದಲ್ಲಿ ಒಗ್ಗರಣೆ ಕೊಡಲ್ಲ."

"ಕೊಡಲ್ಲ ಅಂದ್ರೆ ಅವರ ಹಣೆಬರ. ನೀವ್ಯಾಕ ಹಂಗೆ ಉಣ್ತೀರಿ?"

ನಾನು ಬಿಡಲಿಲ್ಲ. ಒಗ್ಗರಣೆ ಇಲ್ಲದ್ದು ಬೇಕೇ ಬೇಕು ಅಂದೆ. ಗೊಣಗುತ್ತ ಹೋಗಿ ಇನ್ನೊಂದು ಬಟ್ಟಲು ತಂದಿಟ್ಟು, ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತರು. ಒಂದು ಚಮಚ ಬಾಯಿಗಿಟ್ಟೆ. ಕಾಟನ್ ಸೀರೆಗೆ ಹಾಕುವ ಗಂಜಿ ನೆನಪಾಯಿತು. ಹಟಕ್ಕೆ ಬಿದ್ದು ಇನ್ನೊಂದು ಚಮಚ ನುಂಗಿದೆ.

ಸಹಾಯಕ್ಕೆ ಬರಲಿ ಅಂತ ಪಕ್ಕದ ಮೇಡಂ ಕಡೆ ನೋಡಿದೆ. ಅವರು ಮೊದಲಿನ ಎರಡೂ ಬಟ್ಟಲು ಖಾಲಿ ಮಾಡಿ, ಅಡಿಗೆಯವರನ್ನು ಮೆಲ್ಲಗೆ ಕೇಳುತ್ತಿದ್ದರು: "ಒಂದು ಹಿಡಿ ಬಿಸಿ ಅನ್ನ ಐತೇನ್ರೀ?"

ಚೀನಾದಿಂದ ಬಂದವನು

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಪೇಪರಿನ ಮಡಿಕೆಯಿಂದ ಪಾಂಪ್ಲೆಟ್ ಬಿತ್ತು: 'ಹರಿಹರದಲ್ಲಿ ಪ್ರಥಮ ಬಾರಿಗೆ, ಚೀನಾದ ಬಾಣಸಿಗರಿಂದ ಅಸಲಿ ಚೈನೀಸ್.' ಮಧ್ಯಾಹ್ನದ ಊಟಕ್ಕೇ ಗಂಡನನ್ನು ಹೊರಡಿಸಿದೆ. "ಇದೇ ಕೊನೆ," ಅಂದರು ಅವರು.

ಬಾಗಿಲಲ್ಲಿ ಎತ್ತರದ ಬಿಳಿ ಟೋಪಿ ಹಾಕಿದ ಯುವಕನೊಬ್ಬ ನಿಂತು, ಬಂದವರಿಗೆಲ್ಲ ಸೊಂಟ ಬಗ್ಗಿಸುತ್ತಿದ್ದ. ಮಾತಿಲ್ಲ, ಕತೆಯಿಲ್ಲ. "ಭಾಷೆ ಬರಲ್ರಿ ಪಾಪ, ಮೊನ್ನೆ ಬಂದಾನೆ," ಅಂತ ಮಾಲೀಕರು ಎಲ್ಲರಿಗೂ ಹೇಳುತ್ತಿದ್ದರು. ನನಗೂ ಬಗ್ಗಿದ. ಬಗ್ಗಿದವನು ನನ್ನ ಮುಖ ನೋಡಿ ಅರ್ಧದಲ್ಲೇ ನಿಂತುಬಿಟ್ಟ.

ನಾವು ಕೂತ ಮೇಲೆ ನೀರಿನ ಜಗ್ ಹಿಡಿದು ಬಂದು, ಲೋಟಕ್ಕೆ ಸುರಿಯುತ್ತ ಪಿಸುಗುಟ್ಟಿದ: "ನಮಸ್ಕಾರ ಮೇಡಂ. ಗುರುತು ಸಿಕ್ತಾ?"

ಸಿಗದೇ ಇರುತ್ತಾ? ಇವನ ಅಪ್ಪ ನೇಪಾಳದಿಂದ ಬಂದು ಹರಿಹರದ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಆದವರು. ಇವನು ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಹರಿಹರದಲ್ಲೇ. ಮೂರು ವರ್ಷ ನನ್ನ ಕ್ಲಾಸಿನಲ್ಲಿ ಕನ್ನಡಕ್ಕೆ ಇವನೇ ಮೊದಲು. ಚರ್ಚಾಸ್ಪರ್ಧೆಯಲ್ಲಿ ಎದುರಿಗೆ ನಿಲ್ಲುವವರೇ ಇರಲಿಲ್ಲ.

"ಇದೇನೋ ನಿನ್ನ ವೇಷ?"

"ಬಿಲ್ ಕೌಂಟರ್ ಕೆಲಸಕ್ಕೆ ಅಂತ ಸೇರಿದೆ ಮೇಡಂ. ಮುಖ ನೋಡಿ ಟೋಪಿ ಹಾಕಿದ್ರು. ಬಾಯಿ ಮಾತ್ರ ಬಿಡಬಾರದು ಅಂದಾರೆ."

"ಮತ್ತೆ ಅಡಿಗೆ ಯಾರದ್ದು?"

"ಒಳಗೆ ಒಬ್ರು ಚಾಚಾ ಅದಾರೆ. ಬಿರಿಯಾನಿ ಭಾಳ ಚೆನ್ನಾಗಿ ಮಾಡ್ತಾರೆ."

"ನೂಡಲ್ಸ್?"

ಅವನು ಆಚೀಚೆ ನೋಡಿದ. "ನಾನು ಮನೆಯಿಂದ ರೊಟ್ಟಿ ತರ್ತೀನಿ ಮೇಡಂ."

ನನಗೆ ಇನ್ನು ತಡೆಯಲಾಗಲಿಲ್ಲ. ನೂಡಲ್ಸ್ ಹಾಳಾಗಿ ಹೋಗಲಿ, ನಾನು ಮಾತು ಕಲಿಸಿದ ಹುಡುಗನನ್ನು ಮೂಗನನ್ನಾಗಿ ಮಾಡಿ ಬಾಗಿಲಲ್ಲಿ ನಿಲ್ಲಿಸುವುದೇ? ಎದ್ದು ನಿಂತು ಮಾಲೀಕರನ್ನು ಕರೆದು, ಇಡೀ ಹೋಟೆಲಿಗೆ ಕೇಳುವ ಹಾಗೆ ತರಾಟೆಗೆ ತಗೊಂಡೆ. ನನ್ನ ಗಂಡ ಮೆನು ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ನನ್ನ ಧೈರ್ಯ ನೋಡಿ ಹುಡುಗನಿಗೂ ಧೈರ್ಯ ಬಂತು. ಟೋಪಿ ತೆಗೆದು ಟೇಬಲ್ ಮೇಲಿಟ್ಟ.

"ಸಾವ್ಕಾರ್ರೇ, ನಾನು ಹುಟ್ಟಿದ ಊರಿನ ಮಂದಿ ಮುಂದೆ ನಾನು ಹೊರಗಿನವನ ಹಾಗೆ ನಿಲ್ಲಲಾರೆ. ಮಾತು ಕೊಟ್ಟ ಹಾಗೆ ಕೌಂಟರಿನಲ್ಲಿ ಕೂರಿಸಿದರೆ ನಿಯತ್ತಿನಿಂದ ದುಡಿಯುತ್ತೇನೆ. ಇಲ್ಲವಾದರೆ ಈ ಟೋಪಿ ನಿಮ್ಮ ತಲೆಗೇ ಇರಲಿ."

ಒಂದು ಅಕ್ಷರ ತಪ್ಪಿಲ್ಲ, ಒಂದು ಒತ್ತು ಬಿಟ್ಟಿಲ್ಲ. ನನಗೆ ಕಣ್ಣು ತುಂಬಿ ಬಂತು. ಎಲ್ಲರೂ ತಿನ್ನುವುದು ನಿಲ್ಲಿಸಿ ನೋಡುತ್ತಿದ್ದರು. ಮಾಲೀಕರು ಬೆವರು ಒರೆಸಿಕೊಂಡು, "ಆತು ಮಾರಾಯ, ಹೋಗು, ಕೌಂಟರಿಗೆ ಕೂಡು," ಅಂದರು.

ಪಕ್ಕದ ಟೇಬಲ್ಲಿನಲ್ಲಿ ವಿಭೂತಿ ಹಚ್ಚಿಕೊಂಡ ಹಿರಿಯರೊಬ್ಬರು ಗೋಬಿ ಚುಚ್ಚಿದ ಫೋರ್ಕ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

"ಭಾಳ ಚಂದ ಮಾತಾಡಿದೆಪ್ಪ! ಮೊನ್ನೆ ಬಂದೋನು ಇಷ್ಟು ಬೇಗ ಹೆಂಗೆ ಕಲಿತೆ? ಯಾರು ಕಲಿಸಿದ್ರು ನಿನಗೆ?"

ಹುಡುಗ ತಲೆ ಬಗ್ಗಿಸಿ, ಎರಡೂ ಕೈಯಿಂದ ನನ್ನನ್ನು ತೋರಿಸಿದ. "ಇವರೇ ನನ್ನ ಗುರುಗಳು."

ಹಿರಿಯರು ಗಡಬಡಿಸಿ ಎದ್ದು ನಿಂತು ನನಗೆ ಕೈ ಮುಗಿದರು.

"ಹೌದೇನ್ರೀ ತಾಯಿ? ಚೀನಾದಾಗ ಎಷ್ಟು ವರ್ಷ ಇದ್ರಿ? ಅಲ್ಲೂ ಗೋಬಿಗೆ ಈರುಳ್ಳಿ ಹಿಂಗೇ ಉದುರಿಸ್ತಾರಾ?"