ಎತ್ತದ ಕೈ

ಮನೆ ಕಂದಾಯ ಅರ್ಧಕ್ಕೆ ಇಳಿಸುತ್ತೇವೆ ಎಂದು ಪಂಚಾಯಿತಿಯವರು ಹೇಳಿದಾಗ ಊರಿಗೆಲ್ಲ ಸಂತೋಷವಾಯಿತು. ಆ ನಷ್ಟ ತುಂಬಲು ಅಂಗಡಿ ಬೋರ್ಡಿಗೂ ರಸ್ತೆ ಬದಿಯ ಪಾರ್ಕಿಂಗಿಗೂ ಹೊಸ ತೆರಿಗೆ ಹಾಕುತ್ತೇವೆ ಎಂದಾಗ ಅರ್ಧ ಊರಿನ ಸಂತೋಷ ಇಳಿಯಿತು. ಗ್ರಾಮಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡುತ್ತೇವೆ ಎಂದಾಗ ಕಾಂತೇಶನಿಗೆ ಉಳಿದಿದ್ದ ಅರ್ಧ ಸಂತೋಷವೂ ಇಳಿಯಿತು.

ಅವನ ಮನೆಗೆ ನೀರು ಬರುತ್ತಿದ್ದುದು ಪಕ್ಕದ ಜಯದೇವಪ್ಪನ ಬಾವಿಯಿಂದ. ಜಯದೇವಪ್ಪನದು ಊರಿಗೇ ದೊಡ್ಡ ಮನೆ. ಕಂದಾಯ ಇಳಿದರೆ ಮೊದಲು ನಗುವವನು ಅವನೇ. ಅನ್ನ ಬರುತ್ತಿದ್ದುದು ಗಜಾನನನ ಹಾರ್ಡ್‌ವೇರ್ ಅಂಗಡಿಯಿಂದ. ಆ ಅಂಗಡಿಯ ಬೋರ್ಡು ಎನ್.ಆರ್. ಪುರದಿಂದ ಬರುವ ಬಸ್ಸಿನವರಿಗೆ ಊರಿಗಿಂತ ಮೊದಲು ಕಾಣುತ್ತಿತ್ತು.

ಸಭೆಯ ದಿನ ಬೆಳಿಗ್ಗೆ ಜಯದೇವಪ್ಪ ಪಂಪಿನ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಬೇಲಿಯಾಚೆಯಿಂದ ಕರೆದ. "ಕಾಂತೇಶ, ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂರು ಮಾರಾಯ. ನಿನ್ನ ಕೈ ಮೇಲೆ ಹೋಗೋದು ನಾನು ನೋಡ್ಬೇಕು."

ಕಾಂತೇಶ ಒಳಗೆ ಬರುವಷ್ಟರಲ್ಲಿ ಫೋನ್ ಬಂತು. ಗಜಾನನ. "ಹೊಸ ತೆರಿಗೆ ಬಂದ್ರೆ ಅಂಗಡೀಲಿ ಒಬ್ಬರನ್ನ ಕಮ್ಮಿ ಮಾಡ್ಬೇಕಾಗ್ತದೆ ಮಾರಾಯ. ಯಾರನ್ನ ಅಂತ ಇನ್ನೂ ಯೋಚ್ನೆ ಮಾಡ್ಲಿಲ್ಲ."

ಅಂಗಡಿಯಲ್ಲಿ ಕೆಲಸಕ್ಕಿದ್ದವನು ಕಾಂತೇಶ ಒಬ್ಬನೇ.

"ಸಭೆಗೆ ಹೋಗ್ದೇ ಇದ್ರೆ?" ಎಂದಳು ಹೆಂಡತಿ ಶಿವಾನಿ.

"ಇಬ್ರೂ ಒಟ್ಟಿಗೆ ಮನೆಗೇ ಬರ್ತಾರೆ."

ಅವನು ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡುತ್ತ ಕೂತ. ನಂತರ ಶಿವಾನಿಯ ಕಾಲು ಉಳುಕಿದಾಗ ತಂದಿದ್ದ ಬ್ಯಾಂಡೇಜನ್ನು ಅವಳಿಂದಲೇ ತರಿಸಿ, ಆ ಕೈಗೆ ಸುತ್ತಿಸಿ, ಟವೆಲ್ಲಿನಿಂದ ಕೊರಳಿಗೆ ಕಟ್ಟಿಸಿಕೊಂಡ. "ಯಾರಾದ್ರೂ ಕೇಳಿದ್ರೆ ಬಚ್ಚಲಲ್ಲಿ ಜಾರಿ ಬಿದ್ರು ಅನ್ನು."

ಗೇಟು ದಾಟುವಷ್ಟರಲ್ಲಿ ಎದುರಾದವಳು ಸುತ್ತಲಿನ ಊರಿಗೆಲ್ಲ ಮೂಳೆ ಕೂರಿಸುವ ಕರಿಯಕ್ಕ.

"ಎಂತ ಆಯ್ತಾ ಕಾಂತೇಶ?"

"ಬಚ್ಚಲಲ್ಲಿ ಜಾರಿ ಬಿದ್ದೆ ಕರಿಯಕ್ಕ. ಕೊಪ್ಪಕ್ಕೆ ಹೋಗಿ ಡಾಕ್ಟರಿಗೆ ತೋರಿಸ್ತೀನಿ."

"ಕೊಪ್ಪದ ಬಸ್ಸು ಬರೋದ್ರೊಳಗೆ ನಾನೇ ಕೂರಿಸ್ತೀನಿ, ತಗಾ ಇಲ್ಲಿ!" ಎಂದವಳೇ ಅವನ ಪಕ್ಕೆಗೆ ಮೊಣಕಾಲು ಕೊಟ್ಟು, ಬಾವಿಗೆ ಬಿದ್ದ ಕೊಡ ಎತ್ತುವವಳಂತೆ ಕೈ ಎಳೆದಳು. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ ಭುಜ ಲಟಕ್ ಎಂದಿತು.

"ಕೇಳಿಸ್ತನಾ? ಜಾರಿತ್ತು," ಎಂದಳು ಕರಿಯಕ್ಕ.

ಈಗ ಕೈ ನಿಜವಾಗಿಯೂ ಮೇಲೇಳುತ್ತಿರಲಿಲ್ಲ. ಕಣ್ಣಲ್ಲಿ ನೀರಿದ್ದರೂ ಕಾಂತೇಶನಿಗೆ ಒಳಗೊಳಗೇ ಸಮಾಧಾನವಾಯಿತು. ಕೈ ನೋವು ಇನ್ನು ಸುಳ್ಳಲ್ಲ.

ಸಭೆಯಲ್ಲಿ ಜಯದೇವಪ್ಪ ಅವನ ಎಡಕ್ಕೆ, ಗಜಾನನ ಬಲಕ್ಕೆ ಬಂದು ಕೂತರು. ಬಚ್ಚಲಲ್ಲಿ ಬಿದ್ದ ಸುದ್ದಿ ಪಂಚಾಯಿತಿ ಮುಟ್ಟುವಾಗ ಚರಂಡಿಗೆ ಬಿದ್ದ ಸುದ್ದಿಯಾಗಿತ್ತು.

ಜಯದೇವಪ್ಪ ಎದ್ದ. "ಹೊಸ ತೆರಿಗೆ ಇದ್ದಿದ್ರೆ ಬೀದಿ ದೀಪ ಇರ್ತಿತ್ತು. ಈ ಪಾಪದವ ಚರಂಡಿಗೆ ಬೀಳ್ತಿರ್ಲಿಲ್ಲ!"

ಗಜಾನನನೂ ಎದ್ದ. "ಇಷ್ಟು ವರ್ಷ ಕೊಟ್ಟಿದ್ದರಲ್ಲಿ ಚರಂಡಿಗೊಂದು ಚಪ್ಪಡಿ ಹಾಕ್ಲಿಲ್ಲ. ಇನ್ನು ನನ್ನ ಬೋರ್ಡಿನ ದುಡ್ಡಲ್ಲಿ ಹಾಕ್ತಾರನಾ? ಈ ಕೈ ನೋಡಿ!"

"ಬಚ್ಚಲಲ್ಲಿ..." ಎಂದ ಕಾಂತೇಶ. ಯಾರಿಗೂ ಕೇಳಿಸಲಿಲ್ಲ.

ಅಧ್ಯಕ್ಷೆ ಜ್ಯೋತ್ಸ್ನಾ ಕೈ ಎತ್ತಿಸಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಎರಡೂ ಕಡೆ ಸಮ ಬಂತಲ್ಲ! ಕೈ ಎತ್ತದವರು ಯಾರಾದ್ರೂ ಇದೀರಾ?"

ಇಡೀ ಸಭೆ ಒಟ್ಟಿಗೆ ತಿರುಗಿತು.

"ಕಾಂತೇಶಣ್ಣ, ಕೈ ಆಗದಿದ್ರೆ ಬಾಯಲ್ಲಿ ಹೇಳಿ ಸಾಕು."

ಕೈ ಕಟ್ಟಿಸಿಕೊಳ್ಳುವಾಗ ಅವನು ಬಾಯಿಯ ಬಗ್ಗೆ ಯೋಚಿಸಿರಲಿಲ್ಲ.

"ಎಡಗೈ ಗಟ್ಟಿ ಉಂಟಲ್ಲ!" ಎಂದರು ಹಿಂದಿನಿಂದ ಯಾರೋ. ತೊಡೆಯ ಮೇಲೆ ಏನೂ ಅರಿಯದಂತೆ ಮಲಗಿದ್ದ ಎಡಗೈಯನ್ನು ಕಾಂತೇಶ ಅಪರಿಚಿತನನ್ನು ನೋಡುವಂತೆ ನೋಡಿದ.

ಎಡಗಿವಿಗೆ ಜಯದೇವಪ್ಪನ ಉಸಿರು, ಬಲಗಿವಿಗೆ ಗಜಾನನನ ಉಸಿರು. ಒಂದು ಮಾತು ಆಡಿದರೆ ನೀರಿಲ್ಲ, ಇನ್ನೊಂದು ಆಡಿದರೆ ಅನ್ನವಿಲ್ಲ. ಕಾಂತೇಶ ಎದ್ದು ನಿಂತು ಬಾಯಿ ತೆರೆದ. ಭುಜದಲ್ಲಿ ಚಳುಕು ಹೊಡೆಯಿತು. "ಅಮ್ಮಾ!" ಎಂದು ಕುಸಿದು ಕೂತ.

"ಪಾಪ, ತಡೀಲಿಕ್ಕಾಗ್ತಿಲ್ಲ ಅದಕ್ಕೆ," ಎಂದಳು ಕರಿಯಕ್ಕ.

ಅಧ್ಯಕ್ಷೆಗೂ ಮರುಕವಾಯಿತು. "ಹಾಗಾದ್ರೆ ಮುಂದಿನ ಸಭೆಗೆ ಹಾಕೋಣ."

ಕಾಂತೇಶ ಬೆಳಿಗ್ಗೆಯಿಂದ ಹಿಡಿದಿದ್ದ ಉಸಿರು ಬಿಟ್ಟ.

"ಕಾಂತೇಶಣ್ಣ ಹುಷಾರಾಗಿ ಬರಲಿ. ಅವರೊಬ್ಬರು ಹೇಳಿದ್ದೇ ತೀರ್ಮಾನ. ಅಲ್ಲಿವರೆಗೆ ಎಲ್ಲರೂ ಸೇರಿ ಅವರನ್ನ ಜೋಪಾನವಾಗಿ ನೋಡ್ಕೊಳ್ಳಿ."

"ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಎಳೀತೀನಿ," ಎಂದಳು ಕರಿಯಕ್ಕ.

"ನಮ್ಮನೇಲೇ ಇರ್ಲಿ," ಎಂದ ಜಯದೇವಪ್ಪ.

"ಅದೆಂತಕ್ಕೆ? ನನ್ನ ಅಂಗಡಿ ಆಳು, ನಮ್ಮನೇಲಿ ಇರ್ತಾನೆ," ಎಂದ ಗಜಾನನ.

ಇಬ್ಬರೂ ಒಂದೊಂದು ತೋಳು ಹಿಡಿದು ಅವನನ್ನು ಮೆಟ್ಟಿಲಿಳಿಸಿದರು. ಯಾರೂ ಬಿಡುವ ಹಾಗೆ ಕಾಣಲಿಲ್ಲ. ರಸ್ತೆಯಾಚೆ ಶಿವಾನಿ ನಿಂತಿದ್ದಳು. ಇವನನ್ನು ಕಂಡು ಮನೆಗೆ ಬನ್ನಿ ಎಂಬಂತೆ ಕೈ ಬೀಸಿದಳು. ತಾನೂ ಬೀಸಬೇಕೆಂದುಕೊಂಡ ಕಾಂತೇಶನಿಗೆ ಈಗ ಯಾವ ಕೈಯನ್ನೂ ಎತ್ತುವಂತಿರಲಿಲ್ಲ.